ಎಚ್ಚರಿಕೆ: ಎ.ಎಂ.ಸಿ. ಬಿಲ್ಲಿನಲ್ಲಿ ಬರೆಯುವ ‘ಮಾಸಿಕ ಬ್ಯಾಕಪ್’ ಏನೆಂದು ಮೊದಲು ಕೇಳಿಕೊಳ್ಳಿ

ಕಂಪ್ಯೂಟರ್ ನೋಡಿಕೊಳ್ಳಲು ವಾರ್ಷಿಕ ನಿರ್ವಹಣೆ ಒಪ್ಪಂದ (ಎ.ಎಂ.ಸಿ.) ಮಾಡಿಕೊಂಡಿರುವ ಡಿ.ಟಿ.ಪಿ. ಅಂಗಡಿಯವರು, ಲೆಕ್ಕ ಬರೆಯುವವರು, ಸಣ್ಣ ಕಚೇರಿ ನಡೆಸುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ನಿಮ್ಮ ಬಿಲ್ಲಿನಲ್ಲಿ ‘ಮಾಸಿಕ ಬ್ಯಾಕಪ್ ಸಹಿತ’ ಎಂದು ಬರೆದಿದ್ದರೆ ಇಂದೇ ಫೋನ್ ಮಾಡಿ, ಆ ಬ್ಯಾಕಪ್ ಎಲ್ಲಿದೆ, ಯಾವ ಡಿಸ್ಕಿನಲ್ಲಿದೆ ಎಂದು ಕೇಳಿ. ನನ್ನ ಅಂಗಡಿಗೆ ತಿಂಗಳು ತಿಂಗಳು ಬಂದು ಬ್ಯಾಕಪ್ ಎಂದು ಹೇಳಿ ಹಣ ಪಡೆದವನು ಮಾಡುತ್ತಿದ್ದದ್ದು ರೀಸ್ಟೋರ್ ಪಾಯಿಂಟ್. ಬರೀ ರೀಸ್ಟೋರ್ ಪಾಯಿಂಟ್! ಅಂದರೆ ವಿಂಡೋಸ್ ಕೆಟ್ಟರೆ ಅದನ್ನು ಹಿಂದಿನ ಒಂದು ದಿನಾಂಕದ ಸ್ಥಿತಿಗೆ ಮರಳಿಸಲು ಇಟ್ಟುಕೊಳ್ಳುವ ದಾಖಲೆ, ನಮ್ಮ ಫೈಲುಗಳ ನಕಲಲ್ಲ. ಅದರಲ್ಲಿ ನನ್ನ ಒಂದು ಮದುವೆ ಪತ್ರಿಕೆಯೂ ಇರಲಿಲ್ಲ.

ನಮ್ಮದು ಲಗ್ನಪತ್ರಿಕೆ, ಕರಪತ್ರ, ಶಾಲೆಯ ಸ್ಮರಣ ಸಂಚಿಕೆ, ಸಣ್ಣಪುಟ್ಟ ಪುಸ್ತಕಗಳನ್ನು ಅಕ್ಷರ ಜೋಡಿಸಿ ಕೊಡುವ ಅಂಗಡಿ. ನುಡಿ ತಂತ್ರಾಂಶದಲ್ಲಿ ಬೆರಳಚ್ಚು, ಪೇಜ್‌ಮೇಕರ್‌ನಲ್ಲಿ ಪುಟ, ಕೋರಲ್‌ಡ್ರಾದಲ್ಲಿ ಪತ್ರಿಕೆ. ಈ ಕಸುಬಿನಲ್ಲಿ ಹಳೆಯ ಫೈಲುಗಳೇ ಬಂಡವಾಳ. ಅಣ್ಣನ ಮದುವೆಗೆ ಮಾಡಿಸಿದ ಪತ್ರಿಕೆಯನ್ನೇ ತಮ್ಮನ ಮದುವೆಗೆ ಹೆಸರು, ಮುಹೂರ್ತ ಬದಲಿಸಿ ಕೊಡಿ ಎಂದು ಜನ ಬರುತ್ತಾರೆ. ದೇವಸ್ಥಾನದವರಿಗೆ ಪ್ರತಿ ವರ್ಷವೂ ಅದೇ ಜಾತ್ರೆಯ ಪತ್ರಿಕೆ ಬೇಕು. ಇವು ಹೋದರೆ ಅಂಗಡಿ ಹೋದಂತೆ ಎಂದು ಗೊತ್ತಿದ್ದುದರಿಂದಲೇ ನಾನು ಬ್ಯಾಕಪ್ ಬೇಕೆಂದು ಬಾಯಿಬಿಟ್ಟು ಕೇಳಿ, ಅದಕ್ಕೆಂದೇ ಹೆಚ್ಚಿನ ಹಣ ಕೊಟ್ಟು ಒಪ್ಪಂದ ಮಾಡಿಕೊಂಡಿದ್ದೆ. ಬಿಲ್ಲಿನಲ್ಲಿ ಅದು ಪ್ರತ್ಯೇಕ ಸಾಲಾಗಿಯೇ ಇದೆ.

ಆತ ಬರುತ್ತಿದ್ದ, ಬ್ಲೋವರ್‌ನಿಂದ ಧೂಳು ಹೊಡೆಯುತ್ತಿದ್ದ, ಎರಡೂ ಕಂಪ್ಯೂಟರುಗಳ ಮುಂದೆ ಸ್ವಲ್ಪ ಹೊತ್ತು ಕುಳಿತು ಏನೋ ಒತ್ತುತ್ತಿದ್ದ, ಸರ್ವಿಸ್ ಪುಸ್ತಕದಲ್ಲಿ ‘ಬ್ಯಾಕಪ್ ಓಕೆ’ ಎಂದು ಬರೆದು ನನ್ನ ಸಹಿ ಪಡೆಯುತ್ತಿದ್ದ. “ಫೈಲುಗಳನ್ನೆಲ್ಲ ಡಿ ಡ್ರೈವ್‌ನಲ್ಲಿಡಿ ಸಾರ್, ಸಿ ಹಾಳಾದರೂ ಅವು ಸುರಕ್ಷಿತ” ಎಂದು ಹೇಳಿಕೊಟ್ಟವನೂ ಆತನೇ.

ಒಮ್ಮೆ ಹೊಸ ಪ್ರಿಂಟರನ್ನು ನಡೆಸುವ ತಂತ್ರಾಂಶ, ಅಂದರೆ ಡ್ರೈವರ್, ಹಾಕಿದ ಮೇಲೆ ವಿಂಡೋಸ್ ತೆರೆಯುವುದೇ ನಿಂತುಹೋಗಿತ್ತು. ಆತ ಬಂದು ಹಿಂದಿನ ದಿನಾಂಕಕ್ಕೆ ಮರಳಿಸಿದ. ಕಂಪ್ಯೂಟರ್ ಎದ್ದಿತು, ಫೈಲುಗಳೆಲ್ಲ ಇದ್ದಲ್ಲೇ ಇದ್ದವು. “ನೋಡಿದಿರಾ ಸಾರ್, ನಮ್ಮ ಬ್ಯಾಕಪ್ ಹೇಗೆ ಕಾಪಾಡಿತು!” ಎಂದ. ಈಗ ಗೊತ್ತಾಗಿದೆ, ಫೈಲುಗಳು ಉಳಿದದ್ದು ಆತ ಕಾಪಾಡಿದ್ದರಿಂದಲ್ಲ, ಸಿಸ್ಟಮ್ ರೀಸ್ಟೋರ್ ಅವುಗಳನ್ನು ಮುಟ್ಟುವುದೇ ಇಲ್ಲ. ಅದು ಹಿಂದಕ್ಕೆ ಒಯ್ಯುವುದು ವಿಂಡೋಸಿನ ಸ್ವಂತ ಕಡತಗಳನ್ನು, ರಿಜಿಸ್ಟ್ರಿ ಎಂಬ ಅದರ ಸೆಟ್ಟಿಂಗುಗಳ ದಾಖಲೆಯನ್ನು, ಡ್ರೈವರುಗಳನ್ನು, ಹಾಕಿದ ತಂತ್ರಾಂಶಗಳನ್ನು. ಆ ದಿನಾಂಕದ ನಂತರ ಹಾಕಿದ್ದ ಸ್ಕ್ಯಾನರಿನ ತಂತ್ರಾಂಶ ಮಾಯವಾಗಿತ್ತು. ಅದನ್ನು ಮತ್ತೆ ಹಾಕಲು ಪ್ರತ್ಯೇಕ ಬಿಲ್ ಮಾಡಿದ. ಅದನ್ನೂ ಕೊಟ್ಟೆ.

ಈಗ ನಡೆದದ್ದು ಕೇಳಿ. ಮುಖ್ಯ ಕಂಪ್ಯೂಟರಿನ ಹಾರ್ಡ್ ಡಿಸ್ಕ್ ಟಕ್ ಟಕ್ ಎಂದು ಸದ್ದು ಮಾಡತೊಡಗಿತು. ಫೋನ್ ಮಾಡಿದ ಕೂಡಲೇ ಬಂದು ಡಬ್ಬವನ್ನು ಹೊತ್ತುಕೊಂಡು ಹೋದ. “ಹಿಂದಿನ ಪಾಯಿಂಟ್‌ಗೆ ಹೋದರೆ ಸರಿಯಾಗುತ್ತದೆ, ನೀವು ನಿಶ್ಚಿಂತೆಯಿಂದ ಇರಿ” ಎಂದ. ರಾತ್ರಿಯಿಡೀ ಅದೇ ಡಿಸ್ಕಿನ ಮೇಲೆ ರೀಸ್ಟೋರ್ ಓಡಿಸಿದ್ದಾನೆ. ಒಂದು ಪಾಯಿಂಟ್ ಆಗಲಿಲ್ಲವೆಂದು ಇನ್ನೊಂದು, ಅದೂ ಆಗಲಿಲ್ಲವೆಂದು ಮತ್ತೊಂದು. ಸಾಯುತ್ತಿರುವ ಡಿಸ್ಕಿನ ಮೇಲೆ ಸಾವಿರಾರು ಕಡತಗಳನ್ನು ಓದಿಸಿ ಬರೆಸಿದ್ದಾನೆ. ಬೆಳಿಗ್ಗೆ ಹೊತ್ತಿಗೆ, ಕಂಪ್ಯೂಟರ್ ಹಚ್ಚಿದಾಗ ವಿಂಡೋಸಿಗೂ ಮೊದಲು ಏಳುವ ಬಯಾಸ್‌ನಲ್ಲಿ ಆ ಡಿಸ್ಕ್ ಇದೆಯೆಂದೇ ತೋರಿಸುತ್ತಿರಲಿಲ್ಲ.

ಆಗ ನಡೆದ ಮಾತು ನನಗೆ ಅಕ್ಷರಶಃ ನೆನಪಿದೆ.

“ಡಿಸ್ಕ್ ಹೋಗಿದೆ ಸಾರ್. ಹೊಸ ಎಸ್‌ಎಸ್‌ಡಿ ಹಾಕೋಣ.”

“ಆಗಲಿ, ಹಾಕಿ. ಅದಕ್ಕೆ ಬ್ಯಾಕಪ್ ತುಂಬಿ ಕೊಡಿ.”

“ಯಾವ ಬ್ಯಾಕಪ್ ಸಾರ್?”

“ಪ್ರತಿ ತಿಂಗಳು ಮಾಡುತ್ತಿದ್ದಿರಲ್ಲ, ಅದು.”

“ಅದು ರೀಸ್ಟೋರ್ ಪಾಯಿಂಟ್ ಸಾರ್. ಅದೂ ಆ ಡಿಸ್ಕಿನಲ್ಲೇ ಇತ್ತು.”

ಯಾವ ಬ್ಯಾಕಪ್ ಸಾರ್! ನನ್ನ ಸಹಿ ಇರುವ ಪುಸ್ತಕವನ್ನು ಕೈಯಲ್ಲಿ ಹಿಡಿದುಕೊಂಡು ಆತನ ಮುಂದೆ ನಿಂತಿದ್ದೆ. ಅಂಗಡಿಯಲ್ಲಿ ಬೇರೆ ಗಿರಾಕಿಗಳಿದ್ದರು, ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಅವರಲ್ಲಿ ಒಬ್ಬರು “ಅಷ್ಟೂ ತಿಳಿಯಲಿಲ್ಲವೇ?” ಎಂದು ಕೇಳಿದರು. ತಿಳಿಯದ್ದರಿಂದಲೇ ಅಲ್ಲವೇ ತಿಳಿದವರಿಗೆ ಹಣ ಕೊಡುವುದು? ಬೀಗದ ಕೈಯನ್ನು ಪೆಟ್ಟಿಗೆಯೊಳಗೇ ಇಟ್ಟು ಬೀಗ ಹಾಕಿ, ಭದ್ರವಾಗಿದೆ ಎಂದು ಸಹಿ ಹಾಕಿಸಿಕೊಂಡಿದ್ದಾನೆ.

ಬೆಂಗಳೂರಿನಿಂದ ಬಂದ ಅಕ್ಕನ ಮಗ ಎರಡನೆಯ ಕಂಪ್ಯೂಟರನ್ನು ತೆರೆದು ತೋರಿಸಿದ. ಅದಕ್ಕೂ ಇದೇ ಒಪ್ಪಂದ, ಇದೇ ‘ಬ್ಯಾಕಪ್ ಓಕೆ’. ಸಿಸ್ಟಮ್ ಪ್ರೊಟೆಕ್ಷನ್ ಎಂಬ ಕಿಟಕಿಯಲ್ಲಿ ಡ್ರೈವ್‌ಗಳ ಪಟ್ಟಿ ಇರುತ್ತದೆ. ಸಿ ಡ್ರೈವ್ ಎದುರು ‘ಆನ್’, ಡಿ ಡ್ರೈವ್ ಎದುರು ‘ಆಫ್’. ನನ್ನ ಫೈಲುಗಳಿದ್ದದ್ದು ಡಿ ಡ್ರೈವ್‌ನಲ್ಲಿ! “ಮಾವ, ಸಿ ಮತ್ತು ಡಿ ಎರಡು ಡಿಸ್ಕ್ ಅಲ್ಲ. ಒಂದೇ ಡಿಸ್ಕಿಗೆ ಗೆರೆ ಎಳೆದು ಎರಡು ಭಾಗ ಮಾಡಿದ್ದಾರೆ, ಅಷ್ಟೇ” ಎಂದ. ಕೆಳಗೆ ‘ಕ್ರಿಯೇಟ್’ ಎಂಬ ಗುಂಡಿ. ಅದನ್ನು ಒತ್ತಿ, ಒಂದು ಹೆಸರು ಕೊಟ್ಟರೆ ಸ್ವಲ್ಪ ಹೊತ್ತಿನಲ್ಲೇ ಪಾಯಿಂಟ್ ತಯಾರು. ಆತ ಹೆಸರು ಕೊಟ್ಟಿದ್ದದ್ದು ಏನೆಂದು ಗೊತ್ತೇ? ‘ಬ್ಯಾಕಪ್’. ಆ ಪದವನ್ನು ಪಟ್ಟಿಯಲ್ಲಿ ನೋಡಿದಾಗ ಮೈ ಉರಿದುಹೋಯಿತು.

ಇನ್ನೂ ಇದೆ. ಸರ್ವಿಸ್ ಪುಸ್ತಕದಲ್ಲಿ ಎಲ್ಲ ತಿಂಗಳುಗಳ ಗುರುತಿದ್ದರೂ ಪಟ್ಟಿಯಲ್ಲಿ ಇದ್ದದ್ದು ತೀರಾ ಇತ್ತೀಚಿನವು ಮಾತ್ರ. ಈ ಪಾಯಿಂಟುಗಳಿಗೆ ಡಿಸ್ಕಿನಲ್ಲಿ ಒಂದು ಮಿತಿಯ ಜಾಗವಿರುತ್ತದೆ, ಅದು ತುಂಬಿದಂತೆ ಹಳೆಯವು ತಾವಾಗಿಯೇ ಅಳಿಯುತ್ತವೆ. ಅದಲ್ಲದೆ ವಿಂಡೋಸ್ 11ರ 24ಎಚ್2 ಆವೃತ್ತಿಯಲ್ಲಿ 2025ರ ಜೂನ್ ಅಪ್‌ಡೇಟ್ ನಂತರ ಒಂದು ಪಾಯಿಂಟ್ ಹೆಚ್ಚೆಂದರೆ 60 ದಿನ ಉಳಿಯುತ್ತದೆ. “ಆರು ತಿಂಗಳ ಹಿಂದಿನದನ್ನೂ ತೆಗೆದುಕೊಡುತ್ತೇನೆ” ಎಂದು ಆತ ನನಗೆ ಹೇಳಿದ್ದ. 2000ದಲ್ಲಿ ವಿಂಡೋಸ್ ಎಂಇ ಬಂದಾಗಿನಿಂದ ಇರುವ ಸೌಲಭ್ಯ ಇದು. ಇಪ್ಪತ್ತೈದು ವರ್ಷಗಳ ಹಳೆಯ ವಸ್ತು. ಇದರಲ್ಲಿ ಏನಿರುತ್ತದೆ, ಏನಿರುವುದಿಲ್ಲ ಎಂಬುದು ಕಂಪ್ಯೂಟರ್ ರಿಪೇರಿಯನ್ನೇ ಕಸುಬು ಮಾಡಿಕೊಂಡವನಿಗೆ ಗೊತ್ತಿರಲಿಲ್ಲವೆಂದರೆ ನಾನು ನಂಬುವುದಿಲ್ಲ.

ಡಿಸ್ಕನ್ನು ಬೆಂಗಳೂರಿನ ಒಂದು ಡೇಟಾ ರಿಕವರಿ ಕೇಂದ್ರಕ್ಕೆ ಒಯ್ದೆವು. ಅವರು ತೆರೆದು ನೋಡಿ, ಒಳಗಿನ ತಟ್ಟೆಗಳಿಗೆ ಗೀರು ಬಿದ್ದಿದೆ ಎಂದರು. ಸದ್ದು ಬಂದ ಕೂಡಲೇ ವಿದ್ಯುತ್ ತೆಗೆದು ಹಾಗೇ ತಂದಿದ್ದರೆ ಬಹಳಷ್ಟು ಸಿಗುತ್ತಿತ್ತಂತೆ. ಅವರು ಹೇಳಿದ ಶುಲ್ಕದಲ್ಲಿ ಹೊಸ ಕಂಪ್ಯೂಟರ್ ಬರುತ್ತದೆ, ಅದನ್ನು ಕೊಟ್ಟರೂ ಸಿಗುವ ಖಾತ್ರಿಯಿಲ್ಲ.

ನನಗೆ ನುಂಗಲಾಗದ್ದು ನಿವೃತ್ತ ಮೇಷ್ಟ್ರೊಬ್ಬರ ಪುಸ್ತಕ. ತಮ್ಮ ಊರಿನ ಇತಿಹಾಸವನ್ನು ವರ್ಷಗಟ್ಟಲೆ ಬರೆದು ತಂದುಕೊಟ್ಟಿದ್ದರು. ಕಣ್ಣಿಗೆ ಕನ್ನಡಕ ಏರಿಸಿಕೊಂಡು ಕರಡನ್ನು ಸಾಲುಸಾಲಾಗಿ ತಿದ್ದಿದ್ದರು. ಕೊನೆಯ ತಿದ್ದುಪಡಿಯೂ ಮುಗಿದು ಅಚ್ಚಿಗೆ ಹೋಗುವುದಿತ್ತು. ಅವರ ಮನೆಗೆ ಹೋಗಿ ಈ ವಿಷಯ ಹೇಳಬೇಕಾಯಿತು. ಅವರು ಬೈಯಲಿಲ್ಲ, “ಕಾಗದದ ಕರಡು ಇದೆಯಲ್ಲ, ಮತ್ತೆ ಶುರು ಮಾಡೋಣ” ಎಂದರು. ಬೈದಿದ್ದರೆ ಒಳ್ಳೆಯದಿತ್ತು. ಈಗ ರಾತ್ರಿ ಅಂಗಡಿ ಮುಚ್ಚಿದ ಮೇಲೆ ನಾನೂ ನನ್ನ ಹೆಂಡತಿಯೂ ಆ ಕರಡನ್ನು ನೋಡಿಕೊಂಡು ಮತ್ತೆ ಬೆರಳಚ್ಚು ಮಾಡುತ್ತಿದ್ದೇವೆ.

ಹಣ ವಾಪಸ್ ಕೇಳಿದ್ದಕ್ಕೆ ಬಂದ ಉತ್ತರಗಳನ್ನೂ ನೋಡಿ. ಮೊದಲು “ನಾವು ಮಾಡುವುದು ಸಿಸ್ಟಮ್ ಬ್ಯಾಕಪ್, ಫೈಲುಗಳದ್ದು ಬೇರೆ ಪ್ಯಾಕೇಜ್” ಎಂದ. ಆ ಬೇರೆ ಪ್ಯಾಕೇಜ್ ಇದೆಯೆಂದು ಒಪ್ಪಂದದ ದಿನ ಏಕೆ ಹೇಳಲಿಲ್ಲ ಎಂದರೆ “ನೀವು ಕೇಳಲಿಲ್ಲ ಸಾರ್” ಎಂದ. ಕೇಳಲಿಲ್ಲವೇ? ನಾನು ಕೇಳಿದ್ದೇ ಅದೊಂದನ್ನು! ಆಮೇಲೆ “ಊರಿನಲ್ಲಿ ಎಲ್ಲರೂ ಹೀಗೇ ಮಾಡುವುದು” ಎಂದ. ಕೊನೆಗೆ, “ಎಸ್‌ಎಸ್‌ಡಿ ನಮ್ಮಲ್ಲೇ ತೆಗೆದುಕೊಳ್ಳಿ, ರಿಯಾಯಿತಿ ಕೊಡುತ್ತೇನೆ” ಎಂದು ಮೊಬೈಲಿಗೆ ಸಂದೇಶ ಕಳುಹಿಸಿದ. ನನ್ನ ಫೈಲುಗಳನ್ನು ಕಳೆದವನು ನನಗೇ ವ್ಯಾಪಾರ ಕುದುರಿಸುತ್ತಿದ್ದಾನೆ.

ನಿಮ್ಮ ಎ.ಎಂ.ಸಿ.ಯವನು ಮುಂದಿನ ಸಲ ಬಂದಾಗ ಹೀಗೆ ಮಾಡಿ: ನಿಮ್ಮ ಒಂದು ಫೈಲಿನ ಹೆಸರು ಹೇಳಿ, ಬ್ಯಾಕಪ್‌ನಿಂದ ತೆಗೆದು ಬೇರೆ ಕಂಪ್ಯೂಟರಿನಲ್ಲಿ ತೆರೆದು ತೋರಿಸು ಎನ್ನಿ. ತೋರಿಸದಿದ್ದರೆ ಸಹಿ ಹಾಕಬೇಡಿ. ಎಕ್ಸ್‌ಟರ್ನಲ್ ಡಿಸ್ಕ್ ಕೊಂಡು ನಿಮ್ಮ ಕೈಯಿಂದಲೇ ನಕಲು ಮಾಡಿ, ಕೆಲಸ ಮುಗಿದ ಮೇಲೆ ಅದನ್ನು ಕಳಚಿ ಮನೆಯಲ್ಲಿಡಿ. ಸದಾ ಸಿಕ್ಕಿಸಿಯೇ ಇಟ್ಟರೆ ವೈರಸ್ ಬಂದ ದಿನ ಅದೂ ಹೋಗುತ್ತದೆ. 2017ರ ವಾನಾಕ್ರೈ ಎಂಬ ವೈರಸ್ ಫೈಲುಗಳಿಗೆ ಬೀಗ ಹಾಕಿದ್ದಲ್ಲದೆ ವಿಂಡೋಸ್ ಇಟ್ಟುಕೊಂಡಿದ್ದ ಹಳೆಯ ನಕಲುಗಳನ್ನೂ ಅಳಿಸಿತ್ತು. ರೀಸ್ಟೋರ್ ಪಾಯಿಂಟ್ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಹೊಸ ಡ್ರೈವರ್ ಹಾಕುವ ಮುನ್ನ ಅವಶ್ಯ ಒಂದು ಮಾಡಿಕೊಳ್ಳಿ, ಅದು ಇರುವುದೇ ಅದಕ್ಕೆ. ಡಿಸ್ಕ್ ಸದ್ದು ಮಾಡಿದರೆ ಮಾತ್ರ ಯಾರ ಮಾತನ್ನೂ ಕೇಳದೆ ಸ್ವಿಚ್ ಆರಿಸಿ.

ನಾನು ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಿದ್ದೇನೆ. ಬಿಲ್ಲುಗಳು, ಸರ್ವಿಸ್ ಪುಸ್ತಕ, ಆತ ಕಳುಹಿಸಿದ ಸಂದೇಶಗಳು, ಎರಡನೆಯ ಕಂಪ್ಯೂಟರಿನ ಪರದೆಯ ಚಿತ್ರ, ಎಲ್ಲವೂ ನನ್ನ ಬಳಿ ಇವೆ. ಅಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. ಬ್ಯಾಕಪ್ ಹೆಸರಿನಲ್ಲಿ ಪಡೆದ ಪ್ರತಿ ರೂಪಾಯಿಯನ್ನೂ ವಾಪಸ್ ಪಡೆಯುವವರೆಗೆ ಬಿಡುವುದಿಲ್ಲ.