ವಿಮೆಯವರ ಕಾಗದಕ್ಕೆ 11ನೇ ದಿನ ಸಹಿ ಹಾಕಿ ಕೆಟ್ಟೆ

ಅಪಘಾತವಾದ 11ನೇ ದಿನ ವಿಮಾ ಕಂಪನಿ ಕಳುಹಿಸಿದ ಇತ್ಯರ್ಥದ ಕಾಗದಕ್ಕೆ ಸಹಿ ಹಾಕಿದೆ. ಬಲಗೈ ಹೆಬ್ಬೆರಳು ಜೋಮು ಹಿಡಿಯಲು ಶುರುವಾದದ್ದು 38ನೇ ದಿನ. ವಕೀಲರೊಬ್ಬರ ಎದುರು ಹೋಗಿ ಕುಳಿತದ್ದು ಅದಕ್ಕೂ ಎರಡು ತಿಂಗಳು ತಡವಾಗಿ. ಈ ಸರದಿ ತಿರುವುಮುರುವಾಗಿದ್ದರೆ ಇದನ್ನು ಬರೆಯುವ ಅಗತ್ಯವೇ ಬರುತ್ತಿರಲಿಲ್ಲ. ಎಲ್ಲಿ ನಡೆದದ್ದು, ಯಾವ ಕಂಪನಿ, ಎಷ್ಟು ಹಣ ಎಂಬುದನ್ನು ಹೇಳುವುದಿಲ್ಲ. ಬಾಯಿ ಬಿಡಬಾರದೆಂಬ ಷರತ್ತೂ ಆ ಕಾಗದದಲ್ಲಿತ್ತು. ಅದನ್ನೂ ಓದದೆಯೇ ಒಪ್ಪಿಕೊಂಡಿದ್ದೆ.

ಕೆಂಪು ದೀಪಕ್ಕೆ ನಿಂತಿದ್ದ ನನ್ನ ಕಾರಿಗೆ ಹಿಂದಿನಿಂದ ಬಂದ ಕಾರು ಗುದ್ದಿತ್ತು. ಚಾಲಕನೇ ಇಳಿದು ಬಂದು ತಪ್ಪೊಪ್ಪಿಕೊಂಡ. ಬಂಪರ್ ಒಳಸೇರಿತ್ತು, ಡಿಕ್ಕಿಯ ಬಾಗಿಲು ಮುಚ್ಚುತ್ತಿರಲಿಲ್ಲ. ನನಗೆ ರಕ್ತ ಬಂದಿರಲಿಲ್ಲ, ಎಲುಬು ಮುರಿದಿರಲಿಲ್ಲ. ಮರುದಿನ ಬೆಳಿಗ್ಗೆ ಕುತ್ತಿಗೆ ಹಿಡಿದುಕೊಂಡಿತ್ತು, ದಿಂಬು ಸರಿಯಿಲ್ಲದೆ ಮಲಗಿದಾಗ ಹಿಡಿಯುತ್ತದಲ್ಲ, ಹಾಗೆ. ಮುಲಾಮು ಹಚ್ಚಿಕೊಂಡು ಕೆಲಸಕ್ಕೆ ಹೋದೆ. ವೈದ್ಯರ ಬಳಿ ಹೋದದ್ದು ಆರನೇ ದಿನ, ಅದೂ ಮನೆಯವಳ ಕಾಟ ತಾಳಲಾರದೆ.

ಅಷ್ಟರಲ್ಲಿ, ಮೂರನೇ ದಿನವೇ, ಗುದ್ದಿದ ಕಾರಿನ ವಿಮಾ ಕಂಪನಿಯಿಂದ ಫೋನ್ ಬಂದಿತ್ತು. ಆ ಅಧಿಕಾರಿಯಷ್ಟು ನಯವಾಗಿ ನನ್ನ ಒಡಹುಟ್ಟಿದವರೂ ಕ್ಷೇಮ ವಿಚಾರಿಸಿದ್ದಿಲ್ಲ. ಮಾತು ಧ್ವನಿಮುದ್ರಣವಾಗುತ್ತದೆ, ಅಭ್ಯಂತರವಿಲ್ಲ ತಾನೇ ಎಂದರು. ಇಲ್ಲ ಎಂದೆ. "ಹೇಗಿದ್ದೀರಿ ಸರ್?" "ಪರವಾಗಿಲ್ಲ, ಚೆನ್ನಾಗಿದ್ದೇನೆ." ಯಾರು ಕೇಳಿದರೂ ನಮ್ಮ ಬಾಯಿಂದ ಬರುವ ಉತ್ತರ ಅದೇ, ಜ್ವರದಲ್ಲಿ ನಡುಗುತ್ತಿರುವವನೂ ಹಾಗೆಯೇ ಹೇಳುತ್ತಾನೆ. "ಕಾರು ಪೂರ್ತಿ ನಿಂತಿತ್ತೋ, ಇನ್ನೂ ನಿಲ್ಲುತ್ತಿತ್ತೋ?" "ಬಹುಶಃ ಆಗತಾನೇ ನಿಂತಿತ್ತು." "ಕುತ್ತಿಗೆ ನೋವು ಮೊದಲೂ ಬರುತ್ತಿತ್ತೇ?" "ಕಂಪ್ಯೂಟರ್ ಮುಂದೆ ಕೂರುವವರಿಗೆ ಅದು ಇದ್ದದ್ದೇ ಅಲ್ಲವೇ" ಎಂದು ನಕ್ಕುಬಿಟ್ಟೆ.

ಈ ಮೂರು ಉತ್ತರಗಳು ನಾಲ್ಕು ತಿಂಗಳ ನಂತರ ಅಚ್ಚಾಗಿ ನನ್ನ ಕೈಗೇ ಬಂದವು. ಮೊದಲನೆಯದು ಗಾಯವೇ ಆಗಿರಲಿಲ್ಲ ಎನ್ನುವುದಕ್ಕೆ ಪುರಾವೆ. ಎರಡನೆಯದು ತಪ್ಪಿನಲ್ಲಿ ನನ್ನದೂ ಪಾಲಿರಬಹುದು, ನಾನು ಥಟ್ಟನೆ ಬ್ರೇಕ್ ಹಾಕಿರಬಹುದು ಎನ್ನುವುದಕ್ಕೆ. ಗಾಯಗೊಂಡವನದೂ ಇಷ್ಟು ಪಾಲು ತಪ್ಪು ಎಂದು ತೋರಿಸಿದರೆ ಪರಿಹಾರದಲ್ಲಿ ಅಷ್ಟು ಪಾಲು ಕಡಿತ ಎನ್ನುವುದು ಬಹುತೇಕ ದೇಶಗಳ ಕಾನೂನಿನಲ್ಲಿದೆ. ಮೂರನೆಯದು ಕುತ್ತಿಗೆಯ ತೊಂದರೆ ಹಳೆಯದು ಎನ್ನುವುದಕ್ಕೆ. ಆರು ದಿನ ವೈದ್ಯರನ್ನು ನೋಡದಿದ್ದದ್ದನ್ನೂ ಸೇರಿಸಿಕೊಂಡಿದ್ದರು.

ಹತ್ತನೇ ದಿನ ಕಾಗದ ಬಂತು. ಒಂದೂವರೆ ತಿಂಗಳ ಸಂಬಳದಷ್ಟು ಹಣ. ವಾರದೊಳಗೆ ಸಹಿಯಾದರೆ ನೇರ ಖಾತೆಗೆ. ವಕೀಲರನ್ನು ಕೇಳಬೇಕೇನೋ ಎಂದು ಅಧಿಕಾರಿಯನ್ನೇ ಕೇಳಿದೆ! ಹುಲ್ಲಿನ ಬಣವೆಗೆ ಬೇಲಿ ಬೇಕೇ ಎಂದು ದನವನ್ನು ಕೇಳಿದ ಹಾಗೆ. "ನಿಮ್ಮ ಇಷ್ಟ ಸರ್. ಆದರೆ ಬಂದದ್ದರಲ್ಲಿ ಒಂದು ಪಾಲು ಅವರಿಗೇ ಹೋಗುತ್ತದೆ, ಅಲೆದಾಟ ಬೇರೆ" ಎಂದರು. ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ವಕೀಲರಿಲ್ಲದಿದ್ದರೆ ಎಷ್ಟು ಬರುತ್ತದೆ, ಇದ್ದರೆ ಎಷ್ಟು ಬರಬಹುದು ಎಂಬ ಇನ್ನರ್ಧ ಲೆಕ್ಕವನ್ನು ಅವರು ಹೇಳಲಿಲ್ಲ, ನಾನು ಕೇಳಲಿಲ್ಲ. "ಇನ್ನೂ ತಲೆ ತಿರುಗಿಸಲು ಆಗುತ್ತಿಲ್ಲ ನಿಮಗೆ, ಆಗಲೇ ಏನು ಅವಸರ?" ಎಂದು ಹೆಂಡತಿ ಕೇಳಿದಳು. ಕಾರಿನ ಕಂತು ಕಟ್ಟಬೇಕಿತ್ತು. ಸಹಿ ಹಾಕಿದೆ.

ಅದರಲ್ಲಿದ್ದ ಸಾಲು ಈಗ ಬಾಯಿಪಾಠವಾಗಿದೆ: ಈ ಅಪಘಾತದಿಂದ ಉಂಟಾದ, ಗೊತ್ತಿರುವ ಮತ್ತು ಗೊತ್ತಿಲ್ಲದ, ಈಗಿನ ಮತ್ತು ಮುಂದಿನ ಎಲ್ಲ ಗಾಯ, ನಷ್ಟಗಳ ಕುರಿತ ಸಮಸ್ತ ಹಕ್ಕುಗಳನ್ನು ಬಿಟ್ಟುಕೊಟ್ಟಿದ್ದೇನೆ. "ಗೊತ್ತಿಲ್ಲದ" ಎಂಬ ಪದವನ್ನು ಗಮನಿಸಿ. ನನ್ನ ದೇಹಕ್ಕೆ ಏನಾಗಿದೆ ಎಂದು ನನಗೇ ತಿಳಿಯುವ ಮೊದಲು ಅದನ್ನು ಮಾರಿಕೊಂಡಿದ್ದೆ.

ಜೋಮು ಹೆಬ್ಬೆರಳಿನಿಂದ ತೋರುಬೆರಳಿಗೆ ಹಬ್ಬಿತು. ಆಮೇಲೆ ಭುಜದಿಂದ ಕೆಳಗೆ ವಿದ್ಯುತ್ ಹರಿದಂಥ ನೋವು. ಎಂಆರ್‌ಐಯಲ್ಲಿ ಕುತ್ತಿಗೆಯ ಐದು ಮತ್ತು ಆರನೆಯ ಮೂಳೆಗಳ ನಡುವಿನ ಡಿಸ್ಕ್ ಹೊರಚಾಚಿ ನರವನ್ನು ಒತ್ತುತ್ತಿರುವುದು ಕಂಡಿತು. ಇಂಥ ಪೆಟ್ಟು ವಾರಗಟ್ಟಲೆ ಬರೀ ಸೆಳೆತದಂತೆ ನಟಿಸುವುದುಂಟು ಎಂದರು ನರರೋಗ ತಜ್ಞರು. ಶಸ್ತ್ರಚಿಕಿತ್ಸೆ, ಫಿಸಿಯೋಥೆರಪಿ, ಸಂಬಳವಿಲ್ಲದ ರಜೆ ಸೇರಿದರೆ ಬಂದ ಹಣದ ಹಲವು ಪಟ್ಟು. ಕಂಪನಿಗೆ ಬರೆದೆ. ಸಹಿಯ ನಕಲನ್ನೂ ಆ ಮೂರು ಉತ್ತರಗಳ ಅಚ್ಚು ಪ್ರತಿಯನ್ನೂ ಲಗತ್ತಿಸಿ, ಪ್ರಕರಣ ಮುಗಿದಿದೆ ಎಂದು ಎರಡು ಸಾಲಿನಲ್ಲಿ ತಿಳಿಸಿದರು.

ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ, ವಕೀಲರ ಬಳಿ ಹೋಗಿದ್ದೆ. ಮೋಸ, ಬೆದರಿಕೆ ಅಥವಾ ಎರಡೂ ಕಡೆಯವರಿಗಾದ ತಪ್ಪು ತಿಳಿವಳಿಕೆಯನ್ನು ಸಾಬೀತು ಮಾಡಿದರೆ ಮಾತ್ರ ಇಂಥ ಕಾಗದವನ್ನು ಅಲುಗಾಡಿಸಬಹುದು, ಅದೂ ಬಲು ಕಷ್ಟ ಎಂದರು ಆ ವಕೀಲೆ. ನನ್ನದರಲ್ಲಿ ಮೂರೂ ಇರಲಿಲ್ಲ. ಇದ್ದದ್ದು ನನ್ನ ಅವಸರ ಒಂದೇ.

ಹೊಟ್ಟೆ ಉರಿಯಿಂದ ಅಲ್ಲಿ ಇಲ್ಲಿ ಓದುತ್ತಾ ಹೋದಾಗ ಗೊತ್ತಾಯಿತು: ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ, ಹೀಗೆ ಕುತ್ತಿಗೆಗೆ ಜರ್ಕ್ ಹೊಡೆದ ಗಾಯಕ್ಕೆ ವೈದ್ಯಕೀಯ ವರದಿ ಇಲ್ಲದೆ ವಿಮಾ ಕಂಪನಿ ಇತ್ಯರ್ಥದ ಹಣ ನೀಡಲು ಮುಂದಾಗುವುದನ್ನೇ ಕಾನೂನು ನಿಷೇಧಿಸಿದೆ. 2018ರಲ್ಲಿ ಆದ ಕಾಯ್ದೆ, 2021ರ ಮೇ 31ರಿಂದ ಜಾರಿ. ಅಂದರೆ ನನ್ನಂಥವರು ಒಬ್ಬಿಬ್ಬರಲ್ಲ.

ಹಾಗೆಂದು ಕಾದು ಕೂರುವುದಕ್ಕೂ ಮಿತಿಯಿದೆ. ಅದೇ ಇಂಗ್ಲೆಂಡಿನಲ್ಲಿ ದಾವೆ ಹೂಡಲು ಸಾಮಾನ್ಯವಾಗಿ ಮೂರು ವರ್ಷ, ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಎರಡು, ಟೆನೆಸ್ಸಿಯಲ್ಲಿ ಒಂದೇ ವರ್ಷ. ಭಾರತದಲ್ಲಿ ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಮಾಡಿದ ತಿದ್ದುಪಡಿ, ಪರಿಹಾರದ ಅರ್ಜಿಗೆ ಆರು ತಿಂಗಳ ಗಡುವು ಹಾಕಿತು, 2022ರ ಏಪ್ರಿಲ್ 1ರಿಂದ. ಕುತ್ತಿಗೆ ನೋವು ಹೋಗಲಿ, ಆಮೇಲೆ ನೋಡೋಣ ಎನ್ನುವವರಿಗೆ ಆರು ತಿಂಗಳು ಕಣ್ಣು ಮುಚ್ಚಿ ತೆಗೆಯುವುದರೊಳಗೆ ಕಳೆದುಹೋಗುತ್ತದೆ.

ಎಲ್ಲರೂ ವಕೀಲರನ್ನು ಹಿಡಿಯಿರಿ ಎಂದು ನಾನು ಹೇಳುತ್ತಿಲ್ಲ. ನನ್ನ ಭಾವನ ಕಾರಿಗೆ ಪಕ್ಕದಿಂದ ತಗಲಿತ್ತು. ಮೊಣಕೈ ತರಚಿ ಎರಡು ವಾರದಲ್ಲಿ ಮಾಯಿತು. ಬಿಲ್ಲುಗಳನ್ನು ಜೋಡಿಸಿ, ಎರಡು ಪತ್ರ ಬರೆದು ತಾವೇ ಮುಗಿಸಿಕೊಂಡರು. ಅದಕ್ಕೆ ವಕೀಲರನ್ನು ಇಟ್ಟಿದ್ದರೆ ಶುಲ್ಕಕ್ಕೇ ಸರಿಹೋಗುತ್ತಿತ್ತು. ತಗಡು ಮಾತ್ರ ಬಗ್ಗಿದ್ದರೆ, ತಪ್ಪು ಯಾರದೆಂದು ಜಗಳವಿಲ್ಲದಿದ್ದರೆ, ಗಾಯ ಪೂರ್ತಿ ವಾಸಿಯಾಗಿದ್ದರೆ ನೀವೇ ಸಾಕು. ಆದರೆ ಮೂಳೆ ಮುರಿದಿದ್ದರೆ, ತಲೆಗೆ ಪೆಟ್ಟಾಗಿದ್ದರೆ, ಜೋಮು ಅಥವಾ ನಿಶ್ಶಕ್ತಿ ಇದ್ದರೆ, ಕೆಲಸ ತಪ್ಪಿದ್ದರೆ, ಗಾಯಗೊಂಡದ್ದು ಮಗುವಾಗಿದ್ದರೆ, ಗುದ್ದಿದ ವಾಹನಕ್ಕೆ ವಿಮೆಯೇ ಇಲ್ಲದಿದ್ದರೆ, "ನಿಮ್ಮದೂ ತಪ್ಪಿದೆ" ಎಂಬ ಮಾತು ಒಮ್ಮೆ ಬಂದರೂ, ವಕೀಲರನ್ನು ಕಾಣಿರಿ. ಪ್ರಕರಣ ಅವರಿಗೆ ಒಪ್ಪಿಸಲೇಬೇಕೆಂದಿಲ್ಲ. ಸಹಿಗೆ ಮುಂಚೆ ಆ ಕಾಗದವನ್ನು ಓದಿಸಿ. ವೈದ್ಯರು "ಇದಕ್ಕಿಂತ ಹೆಚ್ಚು ವಾಸಿಯಾಗುವುದಿಲ್ಲ" ಅಥವಾ "ಪೂರ್ತಿ ವಾಸಿಯಾಯಿತು" ಎನ್ನುವವರೆಗೆ ಲೆಕ್ಕ ಮುಗಿಸಬೇಡಿ. ಗಡುವು ಹತ್ತಿರವಾದರೆ ಮೊದಲು ಅರ್ಜಿ ಹಾಕಿ, ಮಾತುಕತೆ ಆಮೇಲೆ. ಕಾರಿನ ರಿಪೇರಿ ಹಣವನ್ನು ಬೇರೆಯಾಗಿ ಇತ್ಯರ್ಥ ಮಾಡಿಕೊಳ್ಳಲು ಅನೇಕ ಕಡೆ ಸಾಧ್ಯ. ಆ ಕಾಗದದೊಳಗೆ ಗಾಯದ ಹಕ್ಕು ನುಸುಳಿಲ್ಲವೇ ಎಂದು ನೋಡಿಕೊಳ್ಳಿ.

ವಕೀಲರಲ್ಲೂ ಎರಡು ಬಗೆ. ಕರೆಯದೆ ಆಸ್ಪತ್ರೆಯ ಹಾಸಿಗೆಯ ಬಳಿಗೇ ಬಂದು, ಖಾಲಿ ಹಾಳೆಗಳಿಗೆ ಸಹಿ ಕೇಳುವವರನ್ನು ಬಾಗಿಲಿನಿಂದಲೇ ಕಳುಹಿಸಿ. ಹಾಗೆ ಕಕ್ಷಿದಾರರನ್ನು ಹುಡುಕಿಕೊಂಡು ಹೋಗುವುದೇ ಅನೇಕ ದೇಶಗಳಲ್ಲಿ ನಿಷಿದ್ಧ. ಶುಲ್ಕವನ್ನು ಮೊದಲೇ ಬರಹದಲ್ಲಿ ಪಡೆಯಿರಿ. ಅಮೆರಿಕದಲ್ಲಿ ಗೆದ್ದರೆ ಮೂರನೇ ಒಂದು ಪಾಲು ಎನ್ನುವುದು ರೂಢಿ. ಇಂಗ್ಲೆಂಡಿನಲ್ಲಿ ಗೆಲುವಿನ ಹೆಚ್ಚುವರಿ ಶುಲ್ಕಕ್ಕೆ ಪರಿಹಾರದ ನೂರಕ್ಕೆ 25ರ ಮಿತಿಯಿದೆ, ಮುಂದಿನ ನಷ್ಟಕ್ಕೆಂದು ಬಂದ ಹಣವನ್ನು ಆ ಲೆಕ್ಕಕ್ಕೆ ಸೇರಿಸುವಂತಿಲ್ಲ. ಭಾರತದಲ್ಲಿ ಪರಿಹಾರದಲ್ಲಿ ಪಾಲು ಕೇಳುವುದಕ್ಕೇ ವಕೀಲರ ಪರಿಷತ್ತಿನ ನಿಯಮ ಅಡ್ಡ ಬರುತ್ತದೆ, ಕೇಳುವವರು ಕೇಳಿದರೂ. ಸೋತರೆ ಖರ್ಚು ಯಾರದು, ಪಾಲು ತೆಗೆಯುವುದು ಖರ್ಚು ಕಳೆದ ಮೇಲೋ ಮೊದಲೋ ಎಂದು ಕೇಳಲು ಸಂಕೋಚ ಬೇಡ.

ನಾನು ಕಂಡ ವಕೀಲೆ ಆ ದಿನ ಶುಲ್ಕ ತೆಗೆದುಕೊಳ್ಳಲಿಲ್ಲ. ಕಾಗದದ ಒಂದು ಪ್ರತಿ ಇಟ್ಟುಕೊಳ್ಳಲೇ, ಕಿರಿಯರಿಗೆ ತೋರಿಸಬೇಕು ಎಂದು ಮಾತ್ರ ಕೇಳಿದರು. ಹೆಸರು, ಮೊತ್ತ ಇರುವಲ್ಲೆಲ್ಲ ಮಸಿ ಬಳಿದು ಕೊಟ್ಟೆ. ಅದನ್ನೂ ಎಡಗೈಯಿಂದಲೇ ಬಳಿಯಬೇಕಾಯಿತು.