ಕೋಚಿ ಕೋರ್ ಸೆಂಟರ್: ಅರಬ್ಬೀ ಸಮುದ್ರದ ಕೆಸರಿಗಾಗಿ ಜಪಾನಿಗೆ

ಕೋಚಿ ಅಂದ ಕೂಡಲೇ ಅಮ್ಮ ಕೇರಳ ಅಂದುಕೊಂಡಿದ್ದರು. ಇದು ಜಪಾನಿನ ಶಿಕೋಕು ದ್ವೀಪದ ಕೋಚಿ. ಹಿಂದೂ ಮಹಾಸಾಗರದ ತಳ ಕೊರೆದು ತೆಗೆದ ಕೆಸರನ್ನು ಇಲ್ಲಿ ಜೋಪಾನ ಮಾಡಿದ್ದಾರೆ. 2015ರಲ್ಲಿ ನಮ್ಮ ಪಶ್ಚಿಮ ಕರಾವಳಿಯಿಂದ ಸುಮಾರು 475 ಕಿ.ಮೀ. ಆಚೆ, ಲಕ್ಷ್ಮಿ ಬೇಸಿನ್‌ನಲ್ಲಿ ಕೊರೆದದ್ದೂ ಇಲ್ಲೇ ಇದೆ. ನಾನು ಹೊನ್ನಾವರದವಳು. ನಮ್ಮ ಕಡಲಿನ ತಳವನ್ನು ಮೊದಲ ಸಲ ಮುಟ್ಟಿದ್ದು ಅಲ್ಲಿ.

ಮಾದರಿಗೆ ದುಡ್ಡಿಲ್ಲ. ಯಾವ ಆಳದ್ದು ಬೇಕು, ಯಾಕೆ ಬೇಕು ಅಂತ ಅರ್ಜಿ ಹಾಕಬೇಕು. ಒಪ್ಪಿಗೆ ಸಿಕ್ಕ ಮೇಲೆ ನಾವೇ ಹೋಗಿ ತೆಗೆದುಕೊಳ್ಳಬಹುದು. ಉಗ್ರಾಣದೊಳಗೆ 4 ಡಿಗ್ರಿ ಚಳಿ, ಸ್ವೆಟರ್ ಮರೆಯಬೇಡಿ. ನಾನು ಕೇಳಿದ ಒಂದೂವರೆ ಮೀಟರ್ ತುಂಡುಗಳು ಮೇಜಿನ ಮೇಲೆ ಸಾಲಾಗಿ ಕಾದಿದ್ದವು. ಹಿಂದೆ ಯಾರೋ ಕೆಸರು ತೆಗೆದ ಕಡೆಯೆಲ್ಲ ಸ್ಪಂಜಿನ ಚೂರು ತುರುಕಿದ್ದರು. ಒಂದು ಚಮಚ ಕೆಸರಿಗೂ ಅಷ್ಟು ಮರ್ಯಾದೆ! ನೋಡಿ ತುಂಬಾ ಸಂತೋಷವಾಯಿತು.

ಹೋಗುವವರಿಗೆ ನಾನು ಹೇಳುವುದು ಒಂದೇ: ಕಾಂತದ ಅಳತೆಗೂ ಪಳೆಯುಳಿಕೆಗೂ ಒಂದೇ ಆಳದಿಂದ ಜೋಡಿ ಮಾದರಿ ಕೇಳಿ. ಕೆಸರು ತಳದಲ್ಲಿ ಕೂರುವಾಗ ಅದರಲ್ಲಿರುವ ಮ್ಯಾಗ್ನೆಟೈಟ್ ಕಣಗಳು ಆಗಿನ ಭೂಕಾಂತದ ದಿಕ್ಕು ಹಿಡಿದು ಕೂರುತ್ತವೆ. ಆ ದಿಕ್ಕು ಎಷ್ಟೋ ಸಲ ತಲೆಕೆಳಗಾಗಿದೆ. ಆದರೆ ಯಂತ್ರ ಹೇಳುವುದು ಎರಡೇ ಮಾತು, ಈಗಿನ ಹಾಗಿದೆ ಅಥವಾ ಉಲ್ಟಾ ಇದೆ. ಎಷ್ಟನೇ ಸಲದ ಉಲ್ಟಾ ಅಂತ ತಿಳಿಯಬೇಕಾದರೆ ಫೊರಾಮ್ ಬೇಕು, ಅಲ್ವಾ? ಮರಳಿನ ಕಾಳಿನಷ್ಟು ಚಿಕ್ಕ ಜೀವಿಗಳ ಚಿಪ್ಪು ಅವು.

ಕೆಸರನ್ನು 63 ಮೈಕ್ರಾನ್ ಜರಡಿಯಲ್ಲಿ ತೊಳೆದು, ಸಣ್ಣ ಬ್ರಷ್‌ನಿಂದ ಒಂದೊಂದೇ ಆರಿಸುವ ಕೆಲಸ. ಮೇಲಿನಿಂದ ಕೆಳಗೆ ಹೋಗುತ್ತಾ ಮೊದಲು ಗುಲಾಬಿ ಬಣ್ಣದ ಗ್ಲೋಬಿಜೆರಿನಾಯ್ಡಿಸ್ ರೂಬರ್ ಸಿಕ್ಕಿತು. ಈ ಗುಲಾಬಿ ಬಗೆ ಅಟ್ಲಾಂಟಿಕ್‌ನಲ್ಲಿ ಇನ್ನೂ ಬದುಕಿದೆ, ನಮ್ಮ ಸಾಗರದಲ್ಲಿ ಸುಮಾರು 1,20,000 ವರ್ಷಗಳ ಹಿಂದೆಯೇ ಅಳಿಯಿತು. ಇನ್ನೂ ಕೆಳಗೆ ಗ್ಲೋಬೊರೊಟಾಲಿಯಾ ಟೋಸಾಯೆನ್ಸಿಸ್. ಅದು ಅಳಿದದ್ದು ಸುಮಾರು 6,10,000 ವರ್ಷಗಳ ಹಿಂದೆ. ಟೋಸಾ ಅಂದರೆ ಇದೇ ಕೋಚಿ ಸೀಮೆಯ ಹಳೆಯ ಹೆಸರು. 1962ರಲ್ಲಿ ಶಿಕೋಕುವಿನ ಕಲ್ಲಿನಲ್ಲಿ ಕಂಡು ಅದಕ್ಕೆ ಹೆಸರಿಟ್ಟಿದ್ದರು. ಅದು ಕಂಡ ಮೇಲೆ ಇನ್ನಷ್ಟು ಕೆಳಗೆ ಕಾಂತ ತಿರುಗಿತು. ಹಾಗಾದರೆ ಇದು ಸುಮಾರು 7,73,000 ವರ್ಷ ಹಿಂದಿನ ತಿರುವು, ಬೇರೆ ಯಾವುದೂ ಅಲ್ಲ. ಅದಕ್ಕೂ ಹಿಂದಿನ ಉಲ್ಟಾ ಕಾಲಕ್ಕೆ ಜಪಾನಿನವರೇ ಆದ ಮಾತುಯಾಮ ಅವರ ಹೆಸರಿದೆ. ಅವರ ಪ್ರಬಂಧ ಬಂದದ್ದು 1929ರಲ್ಲಿ.

ಬೇಸರವಾದದ್ದು ವಾಪಸ್ ಬರುವಾಗ. ಒಂದು ಕೊರಿಯರ್ ಕಂಪನಿ ಪೆಟ್ಟಿಗೆಯನ್ನು 2 ವಾರ ಎಲ್ಲೋ ಸುಮ್ನೆ ಇಟ್ಟಿತು. ಕಾಂತದ ಡಬ್ಬಿಗಳಲ್ಲಿ ಕೆಲವು ಒಣಗಿ ಬಿರುಕು ಬಿಟ್ಟವು. ಕಣ ಅಲುಗಿದರೆ ದಿಕ್ಕನ್ನು ನಂಬುವ ಹಾಗಿಲ್ಲ, ಅವನ್ನು ಬಿಟ್ಟೆ. ಫೊರಾಮ್‌ಗೆ ಒಣಗಿದರೆ ಏನೂ ಆಗಲ್ಲ. ಡಬ್ಬಿಗಳನ್ನು ಗಾಳಿಯಾಡದ ಚೀಲದಲ್ಲಿ ಮುಚ್ಚಿ. ಮನೆಯಲ್ಲಿ ಸ್ಪೀಕರ್ ಹತ್ತಿರ ಇಡಬೇಡಿ, ಅದರಲ್ಲೂ ಆಯಸ್ಕಾಂತ ಇದೆ.

ಲಕ್ಷ್ಮಿ ಬೇಸಿನ್‌ನ ತುಂಬಾ ಆಳದ ಕೆಸರು ಕೇಳುವವರು ಇನ್ನೂ ಜಾಸ್ತಿ ಎಚ್ಚರ ವಹಿಸಿ. ಅಲ್ಲಿ ಒಂದು ಕೋಟಿ ವರ್ಷಕ್ಕೂ ಹಿಂದೆ ದೊಡ್ಡ ಭೂಕುಸಿತವಾಗಿ, ಹಳೆಯ ಚಿಪ್ಪುಗಳೆಲ್ಲ ಕಲಸಿ ಹೋಗಿವೆ.