ಷೆಂಗೆನ್ ವೀಸಾ ಅರ್ಜಿಯಲ್ಲಿ ಯಾರ ಇಮೇಲ್ ಇದೆ? ಒಮ್ಮೆ ನೋಡಿಕೊಳ್ಳಿ

ಯುರೋಪ್ ಟೂರಿಗೆ ಅಂತ ಷೆಂಗೆನ್ ವೀಸಾಕ್ಕೆ (ಯುರೋಪಿನ ಹಲವು ದೇಶಗಳಿಗೆ ನಡೆಯುವ ಒಂದೇ ವೀಸಾ) ಏಜೆಂಟ್ ಕೈಗೆ ಪಾಸ್‌ಪೋರ್ಟ್ ಕೊಟ್ಟು ಕೂತಿದ್ದರೆ, ಇವತ್ತೇ ಫೋನ್ ಮಾಡಿ ತುಂಬಿದ ಅರ್ಜಿಯ ಕಾಪಿ ಕೇಳಿ. ಕೊಡೋಕೆ ಹಿಂದೆಮುಂದೆ ನೋಡಿದರೆ ಏನೋ ಇದೆ ಅಂತಲೇ ಅರ್ಥ. ನಮಗೆ ಕಾಪಿ ಸಿಕ್ಕಿದ್ದು ವೀಸಾ ರಿಜೆಕ್ಟ್ ಆದ ಮೇಲೆ, ಅದೂ ಅವರ ಆಫೀಸಿನಲ್ಲಿ ಕೂತು ಗಲಾಟೆ ಮಾಡಿದ್ದಕ್ಕೆ.

ನಮಗೆ ನೋಡಬೇಕಿದ್ದದ್ದು ಪ್ಯಾರಿಸ್. "ಫ್ರಾನ್ಸ್‌ಗೆ ಅಪಾಯಿಂಟ್‌ಮೆಂಟ್ ಸ್ಲಾಟೇ ಇಲ್ಲ ಸರ್, ಬೇರೆ ದೇಶಕ್ಕೆ ಹಾಕ್ತೀವಿ. ಒಂದು ವೀಸಾ ಸಿಕ್ಕರೆ ಎಲ್ಲಾ ಕಡೆ ಓಡಾಡಬಹುದು" ಅಂದರು ಏಜೆಂಟ್. ಓಡಾಡಬಹುದು ಅನ್ನೋದೇನೋ ನಿಜ. ಆದರೆ ಅರ್ಜಿ ಹಾಕಬೇಕಾದ್ದು ಹೆಚ್ಚು ದಿನ ಉಳಿಯುವ ದೇಶಕ್ಕೆ. ಎಲ್ಲ ಕಡೆ ಸಮಸಮ ಇದ್ದರೆ ಮೊದಲು ಕಾಲಿಡುವ ದೇಶಕ್ಕೆ. ಅದನ್ನೇ ಕೇಳಿದೆ. "ಹಾಗಾದ್ರೆ ಆ ದೇಶದಲ್ಲೇ ಜಾಸ್ತಿ ದಿನ ಇಡೋಣ, ಪ್ಯಾರಿಸ್ ಕೊನೆಗೆ ಮೂರು ದಿನ" ಅಂದರು. ಸರಿ, ಅದೂ ಚೆನ್ನಾಗೇ ಇತ್ತು. ಹೋಟೆಲ್, ಟಿಕೆಟ್ ಎಲ್ಲದಕ್ಕೂ ಸೇರಿಸಿ ಪ್ಯಾಕೇಜ್ ದುಡ್ಡು ಕಟ್ಟಿದೆವು. ಬೆಂಗಳೂರಿನ ವೀಸಾ ಸೆಂಟರ್‌ನಲ್ಲಿ ಬೆರಳಚ್ಚು ಕೊಟ್ಟು ಬಂದೆವು.

ಕೆಲವು ವಾರದ ನಂತರ ಪಾಸ್‌ಪೋರ್ಟ್ ಬಂತು. ಒಳಗೆ ವೀಸಾ ಸ್ಟಿಕ್ಕರ್ ಇಲ್ಲ, ಮಡಿಸಿದ ಒಂದು ಹಾಳೆ ಇತ್ತು. ಅದರಲ್ಲಿ ಕಾರಣಗಳ ಪಟ್ಟಿ ಮೊದಲೇ ಅಚ್ಚಾಗಿರುತ್ತದೆ, ನಮ್ಮದು ಯಾವುದೋ ಅದಕ್ಕೆ ಗುರುತು ಹಾಕಿರುತ್ತಾರೆ. ಪ್ರವಾಸದ ಉದ್ದೇಶದ ಬಗ್ಗೆ ಕೊಟ್ಟ ಮಾಹಿತಿ ನಂಬುವಂತಿಲ್ಲ ಅನ್ನೋದು ನಮಗೆ ಬಿದ್ದ ಗುರುತು. ನಂಬುವಂತಿಲ್ಲವಂತೆ! ವರ್ಷಗಟ್ಟಲೆ ಟ್ಯಾಕ್ಸ್ ಕಟ್ಟಿದ ಕಾಗದ, ಆಫೀಸಿನ ರಜೆ ಪತ್ರ ಎಲ್ಲಾ ಕೊಟ್ಟಿದ್ದೆವಲ್ಲ ಅಂತ ಸಿಟ್ಟು ಬಂತು.

ಫೈಲ್ ಕೈಗೆ ಬಂದಾಗ ಸಿಟ್ಟು ಯಾರ ಮೇಲೆ ಮಾಡಬೇಕು ಅಂತ ಗೊತ್ತಾಯಿತು. ಕವರಿಂಗ್ ಲೆಟರ್‌ನಲ್ಲಿ ನಾವು ಹನಿಮೂನ್‌ಗೆ ಹೊರಟಿದ್ದೇವೆ! ಮಗಳು ಪಿಯುಸಿ ಓದುತ್ತಿದ್ದಾಳೆ. ಬೇರೆ ಯಾರದ್ದೋ ಪತ್ರಕ್ಕೆ ನಮ್ಮ ಹೆಸರು ಅಂಟಿಸಿದ್ದು, ಅಷ್ಟೇ. ಟಿಕೆಟ್‌ನ ಪಿಎನ್‌ಆರ್ ಅನ್ನು ಏರ್‌ಲೈನ್ ವೆಬ್‌ಸೈಟಿನಲ್ಲಿ ಹಾಕಿದರೆ ಅಂಥ ಬುಕಿಂಗೇ ಇಲ್ಲ. ಹೋಟೆಲಿಗೆ ಫೋನ್ ಮಾಡಿದರೆ, ನಾವು ಬೆರಳಚ್ಚು ಕೊಟ್ಟ ಮಾರನೇ ದಿನವೇ ಕ್ಯಾನ್ಸಲ್ ಆಗಿದೆ ಅಂದರು. ನಾವು ಕಟ್ಟಿದ ದುಡ್ಡು ಏನಾಯಿತು ಅಂತ ಕೇಳಿದರೆ ಇವತ್ತಿಗೂ ಉತ್ತರ ಇಲ್ಲ.

ಎಲ್ಲಕ್ಕಿಂತ ಕೆಟ್ಟದ್ದು ಮೊದಲನೇ ಪುಟದಲ್ಲೇ ಇತ್ತು. ಇಮೇಲ್, ಫೋನ್ ನಂಬರ್ ಎರಡೂ ಏಜೆಂಟ್‌ದು. ಹೋಟೆಲ್ ಬುಕಿಂಗ್ ಬಗ್ಗೆ ಸ್ಪಷ್ಟನೆ ಕೊಡಿ ಅಂತ ಕಾನ್ಸುಲೇಟಿನಿಂದ ಮೇಲ್ ಬಂದಿತ್ತಂತೆ. ಅದು ಅವರ ಇನ್‌ಬಾಕ್ಸಿನಲ್ಲೇ ಕೊಳೆಯಿತು. ನಮಗೆ ಬಂದಿದ್ದರೆ ಒಂದು ಗಂಟೆಯಲ್ಲಿ ಬೇರೆ ಹೋಟೆಲ್ ಬುಕ್ ಮಾಡಿ ಕಳಿಸುತ್ತಿದ್ದೆವು.

ವೀಸಾ ಶುಲ್ಕ ವಾಪಸ್ ಬರಲ್ಲ. 2024ರ ಜೂನ್‌ನಿಂದ ಒಬ್ಬರಿಗೆ 90 ಯುರೋ, ಮೇಲೆ ಸೆಂಟರ್‌ನ ಸೇವಾ ಶುಲ್ಕ ಬೇರೆ.

ಏಜೆಂಟ್ ಹತ್ತಿರ ಹೋಗಲೇಬೇಡಿ ಅಂತ ಹೇಳ್ತಿಲ್ಲ. ಒಳ್ಳೆಯವರೂ ಇದ್ದಾರೆ. ಆದರೆ ಖಾಲಿ ಫಾರಂ ಮೇಲೆ ಪೆನ್ಸಿಲ್ ಗುರುತು ಹಾಕಿ "ಇಲ್ಲಿ ಸಹಿ ಮಾಡಿ ಮೇಡಂ" ಅಂದರೆ ಮಾಡಬೇಡಿ. ಪೂರ್ತಿ ತುಂಬಿಸಿ, ಓದಿ, ನಿಮ್ಮ ಇಮೇಲ್ ಹಾಕಿಸಿ ಆಮೇಲೆ ಸಹಿ. ಪಿಎನ್‌ಆರ್ ನೀವೇ ಚೆಕ್ ಮಾಡಿ. ಹೋಟೆಲನ್ನು ಫ್ರೀ ಕ್ಯಾನ್ಸಲೇಶನ್ ಇರುವ ಕಡೆ ನಿಮ್ಮ ಹೆಸರಲ್ಲೇ ಬುಕ್ ಮಾಡಿ, ವೀಸಾ ಕೈಗೆ ಬರೋವರೆಗೂ ಅದನ್ನು ಮುಟ್ಟಬೇಡಿ. ಇನ್ಶೂರೆನ್ಸ್ ಕನಿಷ್ಠ 30,000 ಯುರೋ ಕವರ್ ಇರಬೇಕು, ಆ ಪಾಲಿಸಿಯನ್ನೂ ತೆರೆದು ನೋಡಿ. ಸ್ಲಾಟ್ ಇಲ್ಲ ಅನ್ನೋ ರಾಗಕ್ಕೆ ಮದ್ದು ಬೇಗ ಅರ್ಜಿ ಹಾಕೋದು. ಪ್ರಯಾಣಕ್ಕೆ 6 ತಿಂಗಳು ಮುಂಚೆಯಿಂದಲೇ ಅರ್ಜಿ ಹಾಕಬಹುದು.

ರಿಜೆಕ್ಟ್ ಆದವರಿಗೆ ಇನ್ನೊಂದು ಮಾತು. ನಮ್ಮ ಏಜೆಂಟ್ ಕೊನೆಗೆ ಕೊಟ್ಟ ಸಲಹೆ ಏನು ಗೊತ್ತಾ? "ಮುಂದಿನ ಸಲ ಬೇರೆ ದೇಶಕ್ಕೆ ಹಾಕಿ, ರಿಜೆಕ್ಟ್ ಆಗಿದ್ದು ಹೇಳಬೇಡಿ, ಅವರಿಗೆ ಹೇಗೆ ಗೊತ್ತಾಗುತ್ತೆ?" ಗೊತ್ತಾಗುತ್ತೆ. ಷೆಂಗೆನ್ ದೇಶಗಳಿಗೆಲ್ಲ ಒಂದೇ ವೀಸಾ ದಾಖಲೆ ವ್ಯವಸ್ಥೆ ಇದೆ, ಬೆರಳಚ್ಚಿನ ಜೊತೆ ನಮ್ಮ ವಿವರ 5 ವರ್ಷದವರೆಗೆ ಅದರಲ್ಲಿ ಇರುತ್ತದೆ. ನಾವು ಈಗ ಫ್ರಾನ್ಸ್‌ಗೇ ಹಾಕುತ್ತಿದ್ದೇವೆ, ನಾವೇ ತುಂಬಿ. ರಿಜೆಕ್ಟ್ ಆದ ಹಾಳೆಯ ಜೆರಾಕ್ಸ್ ಲಗತ್ತಿಸಿ, ಏನಾಯಿತು ಅಂತ ಅರ್ಧ ಪುಟ ಬರೆದಿದ್ದೇವೆ.